ಐದನೇ ಕ್ಲಾಸಿಗೇ ಕ್ರೀಡಾ ಹಾಸ್ಟೆಲ್: ಕಳಿಸಬೇಕೇ, ಬೇಡವೇ?

ಪರ: ಹಳ್ಳಿ ಮಗುವಿಗೆ ಬೇರೆ ದಾರಿ ಎಲ್ಲಿದೆ?

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಸರ್ಕಾರಿ ಶಾಲೆಗಳಲ್ಲಿ ಕ್ರೀಡಾಕೂಟದ ಗಡಿಬಿಡಿ. ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಮೆಟ್ಟಿಲುಗಳು. ಬರಿಗಾಲಲ್ಲಿ ಓಡಿ ತಾಲ್ಲೂಕಿಗೆ ಮೊದಲು ಬಂದ ಹುಡುಗಿಗೆ ಒಂದು ಸರ್ಟಿಫಿಕೇಟ್ ಸಿಗುತ್ತದೆ. ಆಮೇಲೆ? ಎಷ್ಟೋ ಶಾಲೆಗಳಲ್ಲಿ ಡ್ರಿಲ್ ಮೇಷ್ಟ್ರೇ ಇಲ್ಲ. ಮೈದಾನ ಅಂದರೆ ಬಾವುಟ ಹಾರಿಸುವಷ್ಟು ಅಂಗಳ. ಮುಂದಿನ ವರ್ಷದ ಕೂಟದ ತನಕ ಅವಳ ಓಟವನ್ನು ಕೇಳುವವರೇ ಇರುವುದಿಲ್ಲ.

ಕ್ರೀಡಾ ಹಾಸ್ಟೆಲ್ ಇಂಥ ಮಗುವಿಗೆ ಮೊದಲು ಕೊಡುವುದು ಊಟ. ಮೊಟ್ಟೆ, ಹಾಲು, ಮಾಂಸ. ನಂತರ ಶೂ, ಕೋಚ್, ಬೆಳಿಗ್ಗೆ ಸಂಜೆ ಪ್ರಾಕ್ಟೀಸು. ಕೂಲಿ ಮಾಡುವ ಮನೆಯವರು ಇದನ್ನೆಲ್ಲ ಎಲ್ಲಿಂದ ತರಬೇಕು?

ವಿಜಯಪುರ, ಬಾಗಲಕೋಟೆ ಕಡೆಯ ಸೈಕ್ಲಿಂಗ್ ನೋಡಿ. ಒಳ್ಳೆಯ ರೇಸಿಂಗ್ ಸೈಕಲ್ಲಿಗೆ ಲಕ್ಷಗಟ್ಟಲೆ ಬೇಕು. ಮಳೆ ನಂಬಿ ಬದುಕುವ ರೈತರ ಮಕ್ಕಳು ಅದನ್ನು ತುಳಿದು ರಾಷ್ಟ್ರಮಟ್ಟಕ್ಕೆ ಹೋಗಿದ್ದಾರೆ. ಅದರ ಹಿಂದೆ ವಿಜಯಪುರದ ಹಾಸ್ಟೆಲ್ ಇದೆ, ರಾಮದುರ್ಗ ತಾಲ್ಲೂಕಿನ ಚಂದರಗಿ ಕ್ರೀಡಾ ಶಾಲೆ ಇದೆ. ಕೊಡಗಿನಲ್ಲಂತೂ ಹಾಕಿ ಮನೆಯ ಆಟ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಶುರುಮಾಡಿದ ಕೊಡವ ಮನೆತನಗಳ ಹಾಕಿ ಹಬ್ಬದಲ್ಲಿ ಅಜ್ಜ, ಮೊಮ್ಮಗ ಒಂದೇ ತಂಡದಲ್ಲಿ ಆಡುತ್ತಾರೆ. ಅಂಥ ಜಿಲ್ಲೆಗೂ ಕೂಡಿಗೆಯ ಕ್ರೀಡಾ ಶಾಲೆ, ಪೊನ್ನಂಪೇಟೆಯ ಹಾಸ್ಟೆಲ್ ಬೇಕಾಯಿತು. ಆಸೆ ಮನೆಯಲ್ಲಿ ಹುಟ್ಟಬಹುದು, ತರಬೇತಿಗೆ ದಿನವೂ ಒಂದು ಜಾಗ ಬೇಕಲ್ವಾ?

ಕುಂಬ್ಳೆ, ಶ್ರೀನಾಥ್ ಇಂಜಿನಿಯರಿಂಗ್ ಓದುತ್ತಲೇ ಆಡಲಿಲ್ಲವೇ ಎಂದು ಕೇಳುವವರಿದ್ದಾರೆ. ಹೌದು. ಆದರೆ ಅವರು ಬೆಂಗಳೂರು, ಮೈಸೂರಿನ ಹುಡುಗರು. ಕ್ಲಬ್ಬು, ನೆಟ್ಟು, ಲೀಗು ಎಲ್ಲ ಅದೇ ಊರಿನಲ್ಲಿದ್ದವು. ಉತ್ತರ ಕನ್ನಡದ ಕಾಡಿನ ತಾಲ್ಲೂಕು ಜೋಯಿಡಾದ ಹುಡುಗನಿಗೆ ಆ ಮಾತು ಹೇಳಿ ಏನು ಪ್ರಯೋಜನ?

ಇನ್ನು ಕೆಲಸದ ಮಾತು. ಸೇನೆಯ ಬಾಯ್ಸ್ ಸ್ಪೋರ್ಟ್ಸ್ ಕಂಪನಿಗಳಿಗೆ (ಹುಡುಗರ ಕ್ರೀಡಾ ತರಬೇತಿ ಘಟಕಗಳು) ಚಿಕ್ಕ ವಯಸ್ಸಲ್ಲೇ ಸೇರಿದ ಹುಡುಗ, ಹತ್ತನೇ ಕ್ಲಾಸ್ ಪಾಸಾಗಿ ಹದಿನೇಳೂವರೆ ತುಂಬಿದ ಮೇಲೆ ಸೈನಿಕನಾಗಿ ಸೇರಿಕೊಳ್ಳಬಹುದು. ರೈಲ್ವೆ, ಪೊಲೀಸ್ ಇಲಾಖೆಗಳಲ್ಲಿ ಕ್ರೀಡಾ ಕೋಟಾ ಇದೆ. ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಯೋಜನೆಗೆ ಆಯ್ಕೆಯಾದವರಿಗೆ ವರ್ಷಕ್ಕೆ 6.28 ಲಕ್ಷ ರೂಪಾಯಿ ನೆರವು. ಅದರಲ್ಲಿ ತಿಂಗಳಿಗೆ 10,000 ರೂಪಾಯಿ ಕೈಖರ್ಚಿಗೆ. ಆ ಆಯ್ಕೆಯ ಮೈದಾನದ ತನಕ ಮಗುವನ್ನು ಯಾರಾದರೂ ಕರೆದೊಯ್ಯಬೇಕು. ಬಡವರ ಮಕ್ಕಳ ಪಾಲಿಗೆ ಆ ಕೆಲಸ ಮಾಡುತ್ತಿರುವುದು ಹಾಸ್ಟೆಲ್ಲೇ.

ವಿರೋಧ: ಹತ್ತು ವರ್ಷದ ಮಗುವಿನ ಮೇಲೆ ಇಷ್ಟು ದೊಡ್ಡ ಪಣ ಬೇಡ

ಹಾಸ್ಟೆಲ್ ಆಯ್ಕೆಯಲ್ಲಿ ಏನು ನೋಡುತ್ತಾರೆ? ಎತ್ತರ, ತೂಕ, ಓಟ, ಜಿಗಿತ. ಈ ವಯಸ್ಸಿನಲ್ಲಿ ಬೇಗ ಬೆಳೆದ ಮಗು ಎಲ್ಲದರಲ್ಲೂ ಮುಂದೆ. ಹದಿನೈದಕ್ಕೆ ಉಳಿದವರೂ ಬೆಳೆದು ಸಮ ಆಗುತ್ತಾರೆ. ಅಷ್ಟರಲ್ಲಿ ತಡವಾಗಿ ಬೆಳೆಯುವ ಮಕ್ಕಳು ಹೊರಗೆ ಬಿದ್ದಿರುತ್ತಾರೆ. ದಾಖಲೆಯಲ್ಲಿ ವಯಸ್ಸು ಇಳಿಸುವ ಕೆಟ್ಟ ಚಾಳಿ ಬೇರೆ ಇದೆ.

ಚಿಕ್ಕ ಮಕ್ಕಳನ್ನು ಒಂದೇ ಆಟಕ್ಕೆ ಕಟ್ಟಿಹಾಕಬೇಡಿ, 15-16 ವರ್ಷದ ತನಕ ಕಾಯಿರಿ ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘ 2016ರಲ್ಲೇ ಹೇಳಿದೆ. ಒಂದೇ ಕೀಲು, ಒಂದೇ ಸ್ನಾಯು ದಿನವೂ ಸವೆದರೆ ಗಾಯ ಜಾಸ್ತಿ, ಬೇಸರವೂ ಬೇಗ. ಜಿಮ್ನಾಸ್ಟಿಕ್ಸ್‌ನಂಥ ಆಟಕ್ಕೆ ಬೇಗ ಶುರುಮಾಡಬೇಕು, ಒಪ್ಪುತ್ತೇನೆ. ಹಾಕಿಗೆ, ಕಬಡ್ಡಿಗೆ, ಓಟಕ್ಕೆ ಅಷ್ಟು ಅವಸರ ಬೇಡ.

ನನ್ನನ್ನು ಜಾಸ್ತಿ ಕಾಡುವುದು ಉತ್ತರ ಕನ್ನಡದ ಸಿದ್ದಿ ಮಕ್ಕಳ ಕತೆ. 1980ರ ದಶಕದ ಕೊನೆಯಲ್ಲಿ, ಮಾರ್ಗರೆಟ್ ಆಳ್ವ ಕೇಂದ್ರದಲ್ಲಿ ಕ್ರೀಡಾ ಸಚಿವೆಯಾಗಿದ್ದಾಗ, ಭಾರತೀಯ ಕ್ರೀಡಾ ಪ್ರಾಧಿಕಾರ ಆ ಮಕ್ಕಳನ್ನು ಕಾಡಿನ ಊರುಗಳಿಂದ ಕರೆತಂದು ತರಬೇತಿ ಕೊಟ್ಟಿತು. ಆಫ್ರಿಕಾ ಮೂಲದವರು, ಒಲಿಂಪಿಕ್ಸ್ ಪದಕ ತರುತ್ತಾರೆ ಅನ್ನುವ ಲೆಕ್ಕ. ಮಕ್ಕಳು ಮೋಸ ಮಾಡಲಿಲ್ಲ. ದೇಶದ ಮಟ್ಟದಲ್ಲಿ ಗೆದ್ದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು. ಕೋಟಾದಲ್ಲಿ ಕೆಲಸ ಹಿಡಿದವರು ಬಚಾವಾದರು. ಉಳಿದವರು ಕೂಲಿಗೆ, ಹೊಲಕ್ಕೆ ವಾಪಸ್ಸಾದರು. ಆಟ ಅರ್ಧಕ್ಕೆ ನಿಂತಿತ್ತು, ಓದು ಅದಕ್ಕೂ ಮೊದಲೇ ಹಿಂದೆ ಬಿದ್ದಿತ್ತು. ಯೋಜನೆ ಹಾಕಿದವರು ಯಾರೂ ಏನೂ ಕಳೆದುಕೊಳ್ಳಲಿಲ್ಲ. ಎಲ್ಲ ನಷ್ಟ ಮಕ್ಕಳ ಪಾಲಿಗೆ ಬಂತು.

ಕೆಲಸ ಸಿಗುತ್ತದೆ ಅನ್ನುವ ಭರವಸೆಯೂ ಮೊದಲಿನಷ್ಟು ಗಟ್ಟಿಯಿಲ್ಲ. ಒಂದು ಕಾಲಕ್ಕೆ ಬೆಂಗಳೂರಿನ ಕಾರ್ಖಾನೆಗಳು, ಬ್ಯಾಂಕುಗಳು ತಂಡ ಕಟ್ಟಿ ಆಟಗಾರರಿಗೆ ಸಂಬಳ ಕೊಡುತ್ತಿದ್ದವು. ಟೆಲಿಫೋನ್ ಕಾರ್ಖಾನೆ ಐಟಿಐ, ಎಚ್‌ಎಎಲ್ ಫುಟ್ಬಾಲ್ ಅಂದರೆ ಜನ ಸೇರುತ್ತಿದ್ದರು. ವಿಜಯಾ ಬ್ಯಾಂಕ್ ಕಬಡ್ಡಿಗೆ ಹೆಸರುವಾಸಿಯಾಗಿತ್ತು. ಎಚ್‌ಎಂಟಿ ಗಡಿಯಾರದ ಕಾರ್ಖಾನೆ ಮುಚ್ಚಿತು. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರಲ್ಲಿ ವಿಜಯಾ ಬ್ಯಾಂಕ್ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ಪ್ರೊ ಕಬಡ್ಡಿಯ ದುಡ್ಡು ಕೆಲವರಿಗೆ ಮಾತ್ರ, ಅದೂ ಮೊಣಕಾಲು ಗಟ್ಟಿ ಇರುವ ತನಕ.

ಹೆಣ್ಣುಮಕ್ಕಳ ವಿಷಯ ಹೇಳಲೇಬೇಕು. 2023ರಲ್ಲಿ ಒಲಿಂಪಿಕ್ಸ್ ಪದಕ ಗೆದ್ದ ಕುಸ್ತಿಪಟುಗಳೇ ಲೈಂಗಿಕ ಕಿರುಕುಳದ ವಿರುದ್ಧ ನ್ಯಾಯ ಕೇಳುತ್ತಾ ದೆಹಲಿಯ ಜಂತರ್ ಮಂತರ್‌ನಲ್ಲಿ ಕೂತರು. ಅಷ್ಟು ಹೆಸರಿದ್ದವರಿಗೇ ಹಾಗಾದರೆ, ಅಮ್ಮನಿಂದ ದೂರ ಇರುವ ಹನ್ನೊಂದರ ಹುಡುಗಿ ತನ್ನ ಕಷ್ಟವನ್ನು ಯಾರಿಗೆ ಹೇಳುತ್ತಾಳೆ?

ಹಾಗಂತ ಆಟ ಬಿಡಿಸಿ ಅನ್ನುತ್ತಿಲ್ಲ. ಹೈಸ್ಕೂಲು ಮುಗಿಯುವ ತನಕ ಮಗು ಮನೆಯಲ್ಲಿರಲಿ. ಹೋಬಳಿಗೊಂದು ಒಳ್ಳೆಯ ಮೈದಾನ, ಒಬ್ಬ ಕೋಚ್, ಸಂಜೆ ಒಂದು ಲೋಟ ಹಾಲು, ಎರಡು ಮೊಟ್ಟೆ ಕೊಡಿ. ಎಸ್ಸೆಸ್ಸೆಲ್ಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಟೂರ್ನಮೆಂಟಿಗೆ ಹೋಗಿ ಒಂದು ತಪ್ಪಿದರೂ ವರ್ಷ ಹಾಳಾಗುವುದಿಲ್ಲ. ಪಿಯುಸಿಗೆ ಬಂದ ಮೇಲೆ ಹಿರಿಯರ ಹಾಸ್ಟೆಲ್ ಇದ್ದೇ ಇದೆ. ಆಗ ನಿರ್ಧಾರ ಅವಳೇ ಮಾಡುತ್ತಾಳೆ.

ಈಗಲೇ ಅರ್ಜಿ ಹಾಕಲು ಹೊರಟ ಅಪ್ಪ, ಅಮ್ಮ ಹಾಸ್ಟೆಲ್ಲಿನವರನ್ನು ಗೆದ್ದವರ ಫೋಟೊ ಕೇಳಬೇಡಿ. ಐದು ವರ್ಷದ ಹಿಂದೆ ಇಲ್ಲಿಂದ ಬಿಟ್ಟುಹೋದ ಮಕ್ಕಳು ಈಗ ಏನು ಮಾಡುತ್ತಿದ್ದಾರೆ ಎಂದು ಕೇಳಿ.