ಹನ್ನೊಂದೂವರೆ ಟೊಮೆಟೊ

ಮನೆಯಲ್ಲೇ ಕುಳಿತು ದುಡಿಯುವ ತಾಯಂದಿರು ತಮ್ಮ ಸಮಯವನ್ನು ಹೇಗೆ ಹದ್ದುಬಸ್ತಿನಲ್ಲಿಡಬೇಕು ಎಂಬುದನ್ನು ಕಲಿಸುವ ಕಾರ್ಯಾಗಾರವೊಂದನ್ನು ಮಹಿಳಾ ದಿನದ ನಿಮಿತ್ತ ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ನಮ್ಮ ಕನ್ನಡಿಗರ ಮಂಡಳಿಯೊಂದು ಏರ್ಪಡಿಸಿತ್ತು. ಆಮಂತ್ರಣದ ಮೇಲ್ತುದಿಯಲ್ಲಿ ‘ನಿಮ್ಮ ದಿನ, ನಿಮ್ಮ ಹಿಡಿತದಲ್ಲಿ’ ಎಂದು ದಪ್ಪಕ್ಷರದಲ್ಲಿಯೂ, ಕೆಳತುದಿಯಲ್ಲಿ ‘ಬರುವವರು ತಲಾ ಒಂದು ತಿನಿಸು ಮಾಡಿ ತರತಕ್ಕದ್ದು’ ಎಂದು ಸಣ್ಣಕ್ಷರದಲ್ಲಿಯೂ ಅಚ್ಚಾಗಿತ್ತು. ನನ್ನ ಪಾಲಿಗೆ ಅರವತ್ತು ಜನರಿಗಾಗುವಷ್ಟು ಕೋಸಂಬರಿ ಬಂತು. ಹಿಂದಿನ ರಾತ್ರಿ ಹೆಸರುಬೇಳೆ ನೆನೆಹಾಕಿ, ಬೆಳಗ್ಗೆ ಸೌತೆಕಾಯಿ ಹೆಚ್ಚಿ, ಕಾಯಿ ತುರಿದು, ಒಗ್ಗರಣೆ ಕೊಟ್ಟು, ಸ್ಟೀಲಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ರಿಕ್ಷಾದಲ್ಲಿ ಸಭಾಂಗಣ ತಲುಪುವ ಹೊತ್ತಿಗೆ, ಹೇಗೆ ಉಳಿಸಬೇಕೆಂದು ಕಲಿಯಲು ಹೊರಟಿದ್ದೆನೋ ಆ ಸಮಯದಲ್ಲೇ ಮೂರು ತಾಸು ಕರಗಿ ಹೋಗಿತ್ತು.

ಅತಿಥಿಗಳು ಪುಣೆಯಿಂದ ಬಂದಿದ್ದ ತರಬೇತುದಾರರು. ತಾವು ಬೆಳಗ್ಗೆ ನಾಲ್ಕೂವರೆಗೆ ಎದ್ದು ಧ್ಯಾನ, ವ್ಯಾಯಾಮ, ದಿನಚರಿಯ ಬರವಣಿಗೆ ಎಲ್ಲವನ್ನೂ ಮುಗಿಸಿ ಸರಿಯಾಗಿ ಆರೂವರೆಗೆ ಚಹಾ ಕುಡಿಯುವುದಾಗಿ ತಮ್ಮ ಯಶಸ್ಸಿನ ಗುಟ್ಟನ್ನು ಬಿಚ್ಚಿಟ್ಟರು. ಆ ಚಹಾ ಎಲ್ಲಿಂದ ಬರುತ್ತದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಬಹುಶಃ ಅದು ಶುಲ್ಕ ಕೊಟ್ಟು ಕಲಿಯಬೇಕಾದ ಮುಂದಿನ ಹಂತದಲ್ಲಿರಬೇಕು.

ಆಮೇಲೆ ಟೊಮೆಟೊ ಬಂತು. 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ ಎಂಬ ವಿದ್ಯಾರ್ಥಿ, ಓದಿನಲ್ಲಿ ಮನಸ್ಸು ನಿಲ್ಲದೆ, ಟೊಮೆಟೊ ಆಕಾರದ ಅಡುಗೆಮನೆಯ ಟೈಮರೊಂದನ್ನು ತಿರುಗಿಸಿಟ್ಟು ಓದಲು ಕುಳಿತನಂತೆ. ಇಪ್ಪತ್ತೈದು ನಿಮಿಷ ಕೆಲಸ, ಐದು ನಿಮಿಷ ವಿಶ್ರಾಂತಿ, ಅಂಥ ನಾಲ್ಕು ಸುತ್ತಾದ ಮೇಲೆ ದೊಡ್ಡ ವಿರಾಮ. ಇಟಾಲಿಯನ್ ಭಾಷೆಯಲ್ಲಿ ಟೊಮೆಟೊಗೆ ಪೊಮೊಡೊರೊ ಎನ್ನುವುದರಿಂದ ಇದು ಪೊಮೊಡೊರೊ ವಿಧಾನ. ಅಡುಗೆಮನೆಯಲ್ಲಿ ಬೇಯುವುದನ್ನು ಕಾಯಲೆಂದು ಹುಟ್ಟಿದ ಟೈಮರು ಹೀಗೆ ಅಲ್ಲಿಂದ ತಪ್ಪಿಸಿಕೊಂಡು ಜಗದ್ವಿಖ್ಯಾತವಾಯಿತು. ಅದು ಹೋದ ಮೇಲೆ ಒಲೆಯ ಮೇಲಿದ್ದದ್ದನ್ನು ಯಾರು ನೋಡಿಕೊಂಡರು ಎಂಬ ಪ್ರಶ್ನೆ ಉಪನ್ಯಾಸದ ವ್ಯಾಪ್ತಿಗೆ ಬರಲಿಲ್ಲ. ನಮಗೆಲ್ಲರಿಗೂ ಒಂದೊಂದು ಪ್ಲಾಸ್ಟಿಕ್ ಟೊಮೆಟೊ ಉಡುಗೊರೆಯಾಗಿ ದೊರೆಯಿತು.

ಮರುದಿನ ಸೋಮವಾರ. ಪತಿದೇವರು ಫಾಸ್ಟ್ ಲೋಕಲ್ ಹಿಡಿದು, ಮಗಳು ಶಾಲೆಯ ವ್ಯಾನು ಹತ್ತಿ, ಮೈದುನ ಕಾಲೇಜಿಗೆ ಹೊರಟು ಮನೆ ತಣ್ಣಗಾದ ಮೇಲೆ, 10 ಗಂಟೆ 40 ನಿಮಿಷಕ್ಕೆ ಸರಿಯಾಗಿ ನಾನು ಟೊಮೆಟೊದ ಕತ್ತು ತಿರುಗಿಸಿ ಲ್ಯಾಪ್‌ಟಾಪ್ ಎದುರು ಕುಳಿತೆ. ಎರಡನೆಯ ನಿಮಿಷಕ್ಕೆ ಮನೆಗೆಲಸದ ಬಾಯಿಯ ಫೋನು: ‘ಆಜ್ ನಹೀ ಆಯೇಗೀ ಭಾಭೀ.’ ಐದನೆಯ ನಿಮಿಷಕ್ಕೆ ಇಂಟರ್‌ಕಾಮ್‌ನಲ್ಲಿ ವಾಚ್‌ಮನ್: 302, 401 ಮತ್ತು 404ನೇ ಮನೆಗಳವರೆಲ್ಲ ಆಫೀಸಿಗೆ ಹೋಗಿರುವುದರಿಂದ ಅವರ ಕೊರಿಯರ್‌ಗಳನ್ನು ನಾನು ಇಳಿಸಿಕೊಳ್ಳಬೇಕು. ಹನ್ನೊಂದನೆಯ ನಿಮಿಷಕ್ಕೆ ಸಿಲಿಂಡರ್ ಬಂತು. ಅದರವನು ಹಳೆಯದನ್ನು ಅಡುಗೆಮನೆಯಿಂದ ಬಾಗಿಲವರೆಗೆ ನಾನೇ ಉರುಳಿಸಿ ತರಲಿ ಎಂದು ಕಾಯುತ್ತ ನಿಂತ. ಹದಿನಾರಕ್ಕೆ, ಧಾರವಾಡದಿಂದ ಬಂದು ಹತ್ತು ವರ್ಷವಾದರೂ ಧಾರವಾಡದ ಗಡಿಯಾರದಲ್ಲೇ ಬಾಳುತ್ತಿರುವ ಅತ್ತೆಯವರು ಬಾಗಿಲಲ್ಲಿ ಕಾಣಿಸಿಕೊಂಡು, ‘ನೀ ಏನ್ ಖಾಲೀನs ಕುಂತೀಯಲ್ಲಾ, ಈ ಚೌಳೀಕಾಯಿ ನಾರು ತೆಗೀತೀಯೇನವಾ?’ ಎಂದು ಬುಟ್ಟಿಯನ್ನು ಕೀಬೋರ್ಡಿನ ಪಕ್ಕದಲ್ಲಿಟ್ಟರು. ಅವರ ತಪ್ಪೇನಿಲ್ಲ, ಒಂದೇ ಕಡೆ ಕುಳಿತು ಬೆರಳಾಡಿಸುವುದು ಅವರ ಕಾಲದಲ್ಲಿ ಕೆಲಸವೆನಿಸಿಕೊಳ್ಳುತ್ತಿರಲಿಲ್ಲ, ಈ ಕಾಲದಲ್ಲಿಯೂ ಅವರ ಮಗ ಆಫೀಸಿನಲ್ಲಿ ಮಾಡಿದಾಗ ಮಾತ್ರ ಕೆಲಸವೆನಿಸಿಕೊಳ್ಳುತ್ತದೆ. ಟೊಮೆಟೊ ಕಿರ್ರೆಂದು ಬಡಿದುಕೊಂಡಾಗ ನಾನು ಎರಡು ಸಾಲು ಬೆರಳಚ್ಚಿಸಿದ್ದೆ, ಅರ್ಧ ಬುಟ್ಟಿ ಚೌಳೀಕಾಯಿ ಮುಗಿಸಿದ್ದೆ. ಈಗ ಐದು ನಿಮಿಷ ವಿಶ್ರಾಂತಿ ಎಂದು ವಿಧಾನ ಹೇಳುತ್ತದೆ. ಕುಕ್ಕರು ಮೂರನೆಯ ಸೀಟಿ ಹಾಕಿತು.

ಇನ್ನೊಂದು ಪಾಠ ಅಮೆರಿಕದ ಸೇನಾಧಿಪತಿ ಐಸೆನ್‌ಹೋವರ್‌ನ ನಾಲ್ಕು ಚೌಕಗಳದ್ದು. ತುರ್ತಾದ ಮತ್ತು ಮುಖ್ಯವಾದ ಕೆಲಸ ನೀವೇ ಮಾಡಿ, ತುರ್ತಾದರೂ ಮುಖ್ಯವಲ್ಲದ್ದನ್ನು ಇತರರಿಗೆ ವಹಿಸಿ ಎಂಬುದು ಅದರ ಸಾರ. 1944ರಲ್ಲಿ ನಾರ್ಮಂಡಿಯ ದಡಕ್ಕೆ ಸೇನೆಯನ್ನು ಇಳಿಸಿದಾಗ ಆ ಮಹಾಶಯನ ಕೈಕೆಳಗೆ ಲಕ್ಷಾಂತರ ಸೈನಿಕರಿದ್ದರು. ನನ್ನ ಕೈಕೆಳಗಿರುವುದು ಮೇಲೆ ಹೇಳಿದ ಬಾಯಿ, ಆಕೆ ಬಂದ ದಿನ.

ಕಾನೂನು ನಮ್ಮನ್ನು ಮರೆತಿದೆ ಎಂದು ಯಾರೂ ಹೇಳುವಂತಿಲ್ಲ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯ ಪ್ರಕಾರ ರಜೆ 12 ವಾರದಿಂದ 26 ವಾರಕ್ಕೆ ಏರಿತು, ರಜೆಯ ನಂತರ ಮಾಲೀಕರೊಡನೆ ಒಪ್ಪಂದ ಮಾಡಿಕೊಂಡು ಮನೆಯಿಂದ ಕೆಲಸ ಮಾಡುವ ಅವಕಾಶವೂ ಬಂತು, 50 ಅಥವಾ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆ ಶಿಶುಪಾಲನಾ ಕೇಂದ್ರ ನಡೆಸಬೇಕೆಂದೂ, ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿ ಬರಬಹುದೆಂದೂ ವಿಧಿಯಾಯಿತು. ನಮ್ಮ ಮನೆಯಲ್ಲಿ ಇರುವುದು ಐವರು, ಅಂದರೆ ಕಾಯ್ದೆಯ ಕಕ್ಷೆಗೆ ಸೇರಲು ಇನ್ನೂ ನಲವತ್ತೈದು ಜನರ ಕೊರತೆಯಿದೆ. ಭೇಟಿಯ ವಿಷಯದಲ್ಲಿ ಮಾತ್ರ ನಾವು ಕಾನೂನನ್ನು ಮೀರಿದ್ದೇವೆ: ಶಾಲೆಯಿಂದ ಬಂದ ಮೇಲೆ ಮಗಳೇ ನನ್ನ ಮೇಜಿನ ಬಳಿಗೆ ನಲವತ್ತು ಸಲ ಬರುತ್ತಾಳೆ.

ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ವ್ಯಯಿಸುತ್ತಾರೆ, ತೊಡಗುವ ಗಂಡಸರು 88 ನಿಮಿಷ. ತರಬೇತುದಾರರ ಲೆಕ್ಕದಲ್ಲಿ ಹೇಳುವುದಾದರೆ ಹೆಂಗಸರಿಗೆ ಹನ್ನೊಂದೂವರೆ ಟೊಮೆಟೊ, ಗಂಡಸರಿಗೆ ಮೂರೂವರೆ. ಮಕ್ಕಳ ಮತ್ತು ವೃದ್ಧರ ಆರೈಕೆಯ ಟೊಮೆಟೊಗಳನ್ನು ಬೇರೆ ಬುಟ್ಟಿಯಲ್ಲಿ ತೂಗಲಾಗಿದೆ. ಗಂಡಸರ ಅಂಕಿಯಲ್ಲಿ ಮನೆಗೆಲಸಕ್ಕೆ ಕೈಯನ್ನೇ ಹಾಕದವರು ಸೇರಿಲ್ಲವೆಂಬುದನ್ನು ನಾನು ಮನೆಯಲ್ಲಿ ಓದಿ ಹೇಳಿದಾಗ, ‘ಹಾಗಾದರೆ ನನ್ನನ್ನು ಯಾಕೆ ನೋಡುತ್ತೀ?’ ಎಂದು ಪತಿದೇವರು ನ್ಯಾಯವಾಗಿಯೇ ಕೇಳಿದರು.

ಇಷ್ಟಕ್ಕೂ ಆ ಲ್ಯಾಪ್‌ಟಾಪಿನಲ್ಲಿ ನಾನು ಮಾಡುವುದೇನೆಂದು ಹೇಳಲೇ ಇಲ್ಲ. ಮೋಟಾರು ಅಪಘಾತದಲ್ಲಿ ಸತ್ತವರ ಪರಿಹಾರದ ಕಡತಗಳನ್ನು ಓದಿ, ವಕೀಲರೊಬ್ಬರಿಗಾಗಿ ಕೋಷ್ಟಕ ತುಂಬುತ್ತೇನೆ: ಹೆಸರು, ವಯಸ್ಸು, ವೃತ್ತಿ, ಆದಾಯ. ‘ವೃತ್ತಿ: ಗೃಹಿಣಿ’ ಎಂದಿರುವ ಕಡತಗಳ ಮಟ್ಟಿಗೆ ನಾನು ಪರಿಣತೆಯೆಂದೇ ಹೇಳಬೇಕು. 2001ರ ಜನಗಣತಿಯಲ್ಲಿ ಗೃಹಿಣಿಯರನ್ನು ಭಿಕ್ಷುಕರು, ವೇಶ್ಯೆಯರು ಮತ್ತು ಕೈದಿಗಳ ಸಾಲಿನಲ್ಲಿ, ಆರ್ಥಿಕವಾಗಿ ಅನುತ್ಪಾದಕರೆಂದು ಕೂರಿಸಿದ್ದನ್ನು 2010ರಲ್ಲಿ ಸುಪ್ರೀಂ ಕೋರ್ಟ್ ಕಟುವಾಗಿ ಟೀಕಿಸಿತ್ತು. ಸತ್ತ ಕೂಡಲೇ ಆಕೆಯ ಉತ್ಪಾದಕತೆ ದಿಢೀರನೆ ಮೇಲೇಳುತ್ತದೆ. 2001ರ ತೀರ್ಪೊಂದರಲ್ಲಿ ಅದೇ ಕೋರ್ಟು ಗೃಹಿಣಿಯ ಸೇವೆಗೆ ತಿಂಗಳಿಗೆ 3,000 ರೂಪಾಯಿ ಕಟ್ಟಿತು. ಆಮೇಲೆ ಮೊತ್ತ ಬೆಳೆಯುತ್ತ ಬಂತು. 2021ರ ಜನವರಿಯ ತೀರ್ಪಂತೂ ಇನ್ನೂ ಉದಾರ: ಗೃಹಿಣಿಯ ಈ ಅಂದಾಜು ಆದಾಯಕ್ಕೆ ‘ಭವಿಷ್ಯದ ಏರಿಕೆ’ಯನ್ನೂ ಸೇರಿಸಬೇಕು. 2017ರ ಸಂವಿಧಾನ ಪೀಠದ ಲೆಕ್ಕದಂತೆ ಕಾಯಂ ನೌಕರಿಯಿಲ್ಲದವರಿಗೆ ಆ ಏರಿಕೆ ನಲವತ್ತು ವರ್ಷದೊಳಗೆ ಸತ್ತರೆ ಶೇ 40, ನಲವತ್ತು ದಾಟಿ ಐವತ್ತರೊಳಗಾದರೆ ಶೇ 25. ನನಗೀಗ ಮೂವತ್ತೆಂಟು. ಹದಿಮೂರು ವರ್ಷದ ಸಂಸಾರದಲ್ಲಿ ನನಗೆ ಬಡ್ತಿಯ ಭರವಸೆ ಕೊಟ್ಟಿರುವ ಏಕೈಕ ಯೋಜನೆ ಇದು, ಅದಕ್ಕೂ ಇನ್ನು ಎರಡೇ ವರ್ಷದ ಗಡುವು.

ಕಾರ್ಯಾಗಾರದ ಪ್ರಶ್ನೋತ್ತರದ ವೇಳೆಯಲ್ಲಿ ಈ ಮಾತನ್ನು ಎತ್ತೋಣವೆಂದು ಕೈ ಎತ್ತಿದ್ದೆ. ಅಷ್ಟರಲ್ಲಿ ನನ್ನ ಫೋನು ಗುಯ್‌ಗುಟ್ಟಿತು. ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಮನೆಯಿಂದ ಕರೆ. ಅದೇ ಹೊತ್ತಿಗೆ ಸಾಲಿನಲ್ಲಿದ್ದ ಇನ್ನೂ ಮೂವರು ಸೆರಗು ಮರೆ ಮಾಡಿಕೊಂಡು ‘ಮೇಲಿನ ಶೆಲ್ಫು, ಎಡಗಡೆ’ ಎಂಬಂಥ ಉತ್ತರಗಳನ್ನು ಪಿಸುಗುಡುತ್ತಿದ್ದರು. ಗಮನ ಕೇಂದ್ರೀಕರಿಸಲು ಬಾರದಿರುವುದೇ ಮಹಿಳೆಯರ ಮುಖ್ಯ ಸಮಸ್ಯೆ ಎಂದು ಅತಿಥಿಗಳು ವಿಷಾದಿಸಿ, ಶಾಲು ಹೊದೆಸಿಕೊಂಡು, ಕೋಸಂಬರಿಯನ್ನು ಎರಡು ಸಲ ಹಾಕಿಸಿಕೊಂಡರು.

ನಿನ್ನೆ ಮಂಡಳಿಯ ಕಾರ್ಯದರ್ಶಿಗಳ ಫೋನು ಬಂತು. ಕಾರ್ಯಕ್ರಮದ ವರದಿಯೊಂದು ಸಂಜೆಯೊಳಗೆ ಬೇಕಂತೆ, ಸಮಿತಿಯವರೆಲ್ಲ ಕೆಲಸದಲ್ಲಿದ್ದಾರಂತೆ, ‘ನೀವಾದರೆ ಹೇಗೂ ಮನೆಯಲ್ಲೇ ಇರುತ್ತೀರಿ.’ ಮಿತಿ ಮುನ್ನೂರು ಪದ. ನಾನು ಆಗಲೇ ಮೀರಿದ್ದೇನೆ. ಜೊತೆಗೆ ಹಾಕಲೆಂದು ಅವರು ನಲವತ್ತೊಂದು ಫೋಟೋಗಳನ್ನು ಕಳಿಸಿದ್ದಾರೆ. ಮೂವತ್ತೆಂಟರಲ್ಲಿ ಅತಿಥಿಗಳಿದ್ದಾರೆ, ಮೂರರಲ್ಲಿ ಕೋಸಂಬರಿಯಿದೆ.