ಕುಂದ್ರು ಅಂದ್ರೂ ತಿಳೀತದ್ರಿ
ನಾಯಿಗೆ ಇಂಗ್ಲಿಷ್ ಕಮಾಂಡೇ ಕಲಿಸ್ರಿ ಅಂತ ಬರ್ದೀರಿ, ಹಂಗೇನಿಲ್ರಿ. ಕಲಬುರಗಿ ನಮ್ಮ ಮನ್ಯಾಗ ಅವ್ವ ಕುಂದ್ರು ಅಂತಿದ್ಲು, ತಮ್ಮ ಸಿಟ್ ಅಂತಿದ್ದ, ಬಾಜೂ ಮನಿ ಚಾಚಾ ಬೈಠ್ ಅಂತಿದ್ರು, ಪಾಪ ನಮ್ಮ ನಾಯಿ ರಾಜಾ ಮೂರೂ ಮಂದಿ ಮಾರಿ ನೋಡ್ಕೋತ ನಿಂತೇ ಇರ್ತಿತ್ತು. ಆಮ್ಯಾಲ ಎಲ್ರೂ ಕುಂದ್ರು ಅಂತ ಒಂದೇ ಮಾತು ಹಿಡದ್ವಿ, ಕುಂತ ಕೂಡ್ಲೇ ಒಂದು ತುಂಡು ಜ್ವಾಳದ ರೊಟ್ಟಿ, ತಡಾ ಮಾಡಿದ್ರ ಯಾಕ ಕೊಟ್ರು ಅಂತ ಅದಕ್ಕ ತಿಳಿಯಂಗಿಲ್ಲ, ಹತ್ತು ದಿನದಾಗ ಕಲೀತು ನೋಡ್ರಿ. ಅಮೆರಿಕಾದಾಗ ಚೇಸರ್ ಅನ್ನೋ ಬಾರ್ಡರ್ ಕೋಲಿ ತಳಿ ನಾಯಿ 1,022 ಆಟಿಕಿ ಹೆಸರು ಕಲ್ತಿತ್ತು, ಅದೂ ವರ್ಷಗಟ್ಲೆ ದಿನಾ ಕಲಿಸಿದ್ದಕ್ಕ. ನಮ್ಮ ಕಡಿ ಬ್ಯಾಸಿಗ್ಯಾಗ ಮಾತ್ರ ಮುಂಜಾನಿ ಲಗೂನ ಮುಗಸ್ರಿ, ಮತ್ತ ಹೊಡದು ಕಲಿಸೋದಂತೂ ಬ್ಯಾಡೇ ಬ್ಯಾಡ, ಅಂಜಿದ ನಾಯಿ ಕರದ್ರೂ ಹತ್ರ ಬರಂಗಿಲ್ಲ.