ಹೈಬ್ರಿಡ್ ಕಾರಿಗೆ ಚಾರ್ಜಿಂಗ್ ಪಾಯಿಂಟ್ ಬೇಕಿಲ್ಲ

‘ಹೈಬ್ರಿಡ್ ಕಾರು ಬೇಡ, ಆಗುಂಬೆ ಘಾಟಿಯಲ್ಲಿ ಚಾರ್ಜ್ ಮುಗಿದರೆ ನಿಂತೇ ಹೋಗುತ್ತದೆ’ ಎಂಬ ಮೆಸೇಜ್ ನಮ್ಮ ತೀರ್ಥಹಳ್ಳಿ ಗ್ರೂಪುಗಳಲ್ಲಿ ಓಡಾಡುತ್ತಿದೆ. ಮೊನ್ನೆ ನಾನೂ ಸುಮ್ನೆ ಕಳಿಸಿಬಿಟ್ಟಿದ್ದೆ. ಅದು ತಪ್ಪು.

ಹೈರೈಡರ್, ಗ್ರ್ಯಾಂಡ್ ವಿಟಾರಾ, ಹೋಂಡಾ ಸಿಟಿ ಕಾರುಗಳ ಸ್ಟ್ರಾಂಗ್ ಹೈಬ್ರಿಡ್ (ಸ್ವಲ್ಪ ದೂರ ಬ್ಯಾಟರಿಯಿಂದಲೇ ಓಡಬಲ್ಲ) ಮಾದರಿಗಳಿಗೆ ಪ್ಲಗ್ಗೇ ಇಲ್ಲ. ಪೆಟ್ರೋಲ್ ಎಂಜಿನ್ ಇದ್ದೇ ಇರುತ್ತದೆ. ಬ್ಯಾಟರಿಯನ್ನು ಅದೇ ತುಂಬಿಸುತ್ತದೆ, ಬ್ರೇಕ್ ಒತ್ತಿದಾಗಲೂ ತುಂಬುತ್ತದೆ. ಅಂದರೆ ಸೋಮೇಶ್ವರದ ಕಡೆ ಘಾಟಿ ಇಳಿಯುವಾಗ ಚಾರ್ಜ್ ಏರುತ್ತದೆ, ಮುಗಿಯುವುದಿಲ್ಲ!

ಆ ಮೆಸೇಜ್‌ಗೆ ಉತ್ತರವಾಗಿ ಬಂದ ‘ಎಲ್ಲ ಗ್ರ್ಯಾಂಡ್ ವಿಟಾರಾಗೂ 28 ಮೈಲೇಜ್’ ಅನ್ನೋದೂ ಸರಿಯಲ್ಲ. ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ಪರೀಕ್ಷೆಯ ಲೀಟರ್‌ಗೆ 27.97 ಕಿ.ಮೀ. ಸ್ಟ್ರಾಂಗ್ ಹೈಬ್ರಿಡ್‌ಗೆ ಮಾತ್ರ. ಮೋಟಾರು ಎಂಜಿನ್‌ಗೆ ನೆರವು ಮಾತ್ರ ಕೊಡುವ ಮೈಲ್ಡ್ ಹೈಬ್ರಿಡ್‌ನ ಮ್ಯಾನುಯಲ್ ಗೇರ್ ಮಾದರಿಗೆ 21.11. ನಮ್ಮ ಏರು ತಿರುವುಗಳಲ್ಲಿ ಅಷ್ಟೂ ಸಿಗುವುದು ಕಷ್ಟ, ಅಲ್ವಾ? ಎರಡೂ ಮೆಸೇಜ್‌ಗಳನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ.